ಕಾಫಿಗೆ ಮುಂಚೆ ಬಂದ ಸುದ್ದಿ

ಅಲ್ಲಾಹನ ದಯೆ, ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆ ಗುರುವಾರ ಮಾತ್ರ ನನ್ನ ಜೀವ ಬಾಯಿಗೆ ಬಂದಿತ್ತು. ಅದಕ್ಕೆಲ್ಲ ಮೂಲ ನಮ್ಮ ಇರ್ಬಿದ್ ಪಟ್ಟಣದ ಜನರ ನಾಲಿಗೆ. ಒಬ್ಬರ ಕೈಕೆಲಸವನ್ನು ಅವರ ಮುಖದ ಮೇಲೆ ಚೆನ್ನಾಗಿಲ್ಲ ಎನ್ನುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಉಪ್ಪು ಸುರಿದ ಸಾರು ಬಡಿಸಿದರೂ ‘ನಿನ್ನ ಕೈಗೆ ಒಳ್ಳೆಯದಾಗಲಿ’ ಎಂದು ಹರಸಿ, ಮನೆಗೆ ಹೋಗಿ ಕೊಡಗಟ್ಟಲೆ ನೀರು ಕುಡಿಯುವ ಜನ ನಾವು.

ನಾನು ಉಮ್ಮು ಕುತೈಬಾ. ಕುತೈಬಾ ನನ್ನ ಹಿರಿಯ ಮಗ. ಅವನ ತಾಯಿ ಎಂದೇ ಎಲ್ಲರೂ ಕರೆಯುವುದು, ನನ್ನ ಸ್ವಂತ ಹೆಸರು ಬ್ಯಾಂಕಿನವರಿಗೆ ಬಿಟ್ಟರೆ ಇನ್ನಾರಿಗೂ ನೆನಪಿಲ್ಲ. ಊರಿನ ಒಂದು ಸುದ್ದಿ ವೆಬ್‌ಸೈಟಿನಲ್ಲಿ ಬಂಧುಬಳಗದ ಪುಟ ನನ್ನದು. ಮದುವೆ, ಸಾವು, ಹಜ್ ಮುಗಿಸಿ ಬಂದವರು, ಪರೀಕ್ಷೆ ಪಾಸಾದವರು, ಎಲ್ಲವೂ ನನ್ನ ಕೈ ದಾಟಿಯೇ ಹೋಗಬೇಕು. ನಮ್ಮ ಸಂಪಾದಕರು ಉಸ್ತಾದ್ ಹಿಕ್ಮತ್ ರಾಜಕೀಯದ ಮೇಲೆ ಉದ್ದುದ್ದ ಬರೆಯುತ್ತಾರೆ, ಪಾಪ. ಜನ ಓದುವುದು ನನ್ನ ಪುಟವನ್ನು.

ಅದರಲ್ಲೂ ಜಾಹಾ ಸುದ್ದಿ ಎಂದರೆ ಮುಗಿಬೀಳುತ್ತಾರೆ. ಹೆಣ್ಣು ಕೇಳಲು ಗಂಡಿನ ಕಡೆಯ ಹಿರಿಯರು ದಂಡು ಕಟ್ಟಿಕೊಂಡು ಹೋಗುವುದೇ ಜಾಹಾ. ಮಾತುಕತೆಯೆಲ್ಲ ಮೊದಲೇ ಮುಗಿದಿರುತ್ತದೆ, ಮದುಮಗಳ ಉಡುಪಿನ ಬಣ್ಣ ಕೂಡ ಗೊತ್ತಾಗಿರುತ್ತದೆ. ಆದರೂ ಆ ದಿನ ದಂಡಿನ ಮುಖ್ಯಸ್ಥರ ಮುಂದೆ ಒಂದು ಪುಟ್ಟ ಬಟ್ಟಲಲ್ಲಿ ಕಾಫಿ ಇಡುತ್ತಾರೆ. ಅವರು ಅದನ್ನು ಮುಟ್ಟುವುದಿಲ್ಲ. ಎದ್ದು ನಿಂತು ಹೆಣ್ಣು ಕೇಳುತ್ತಾರೆ. ಹೆಣ್ಣಿನ ಮನೆಯ ಹಿರಿಯರು ‘ಕೊಟ್ಟೆವು, ಕಾಫಿ ಕುಡಿಯಿರಿ’ ಎಂದ ಮೇಲೆಯೇ ಬಟ್ಟಲು ತುಟಿಗೆ ಹೋಗುವುದು. ಅದಕ್ಕೆ ಮುಂಚೆ ಯಾರಾದರೂ ಒಂದು ಗುಟುಕು ಹೀರಿದರೂ ಕಥೆ ಮುಗಿಯಿತು.

ಆ ಸುದ್ದಿಯನ್ನು ಮನೆಯವರು ಮೊದಲೇ ಬರೆದು ಕಳಿಸುತ್ತಾರೆ. ಇಂಥವರು ಕೇಳಿದರು, ಇಂಥವರು ಕೊಟ್ಟರು, ಎಲ್ಲರೂ ಸಿಹಿ ತಿಂದರು ಎಂದು, ಎಲ್ಲ ನಡೆದುಹೋದ ಹಾಗೆ. ನಾನು ಅದನ್ನು ತಿದ್ದಿ ಉಳಿಸಿಟ್ಟುಕೊಂಡು ಕಾಯುತ್ತೇನೆ. ಆ ಮನೆಯಿಂದ ಫೋನ್ ಬರಬೇಕು, ‘ಕಾಫಿ ಕುಡಿದರು’ ಎನ್ನಬೇಕು, ಆಮೇಲೆ ಪ್ರಕಟಣೆ. ಇಷ್ಟು ವರ್ಷಗಳಲ್ಲಿ ನನ್ನ ಪುಟದಲ್ಲಿ ಯಾರೂ ಹೊತ್ತಿಗೆ ಮುಂಚೆ ಕಾಫಿ ಕುಡಿದವರಿಲ್ಲ.

ಓದುಗರು ನೋಡುವುದು ವೆಬ್‌ಸೈಟಿನ ಪಡಸಾಲೆ ಮಾತ್ರ. ನಾವು ಕೂತು ಸುದ್ದಿ ಬೇಯಿಸುವ ಅಡುಗೆಮನೆಯೊಂದು ಹಿಂದೆ ಇರುತ್ತದೆ. ನಮ್ಮ ಹಳೆಯ ಅಡುಗೆಮನೆ ನೋಡಲು ಕುರೂಪ. ಒಂದು ಫೋಟೋ ಏರಿಸುವಷ್ಟರಲ್ಲಿ ಒಂದು ಲೋಟ ಚಹಾ ಕುಡಿದು ಮುಗಿಸಬಹುದಿತ್ತು. ಪ್ರತಿ ಸಲ ‘ಪ್ರಕಟಿಸು’ ಒತ್ತಿದಾಗಲೂ ‘ನಿಮಗೆ ಖಚಿತವೇ?’ ಎಂದು ಒಂದು ಚೌಕ ಎದ್ದು ನಿಲ್ಲುತ್ತಿತ್ತು. ‘ಖಚಿತ ಮಾರಾಯ, ಖಚಿತ’ ಎಂದು ಬೈದುಕೊಂಡೇ ನಾವು ‘ಹೌದು’ ಒತ್ತುತ್ತಿದ್ದೆವು.

ಅದನ್ನೆಲ್ಲ ಕಿತ್ತು ಹೊಸದಾಗಿ ಕಟ್ಟಿದವಳು ರನೀಮ್. ನಮ್ಮ ಆಫೀಸಿನ ಡಿಸೈನರ್, ಚಿನ್ನದಂಥ ಹುಡುಗಿ, ಆದರೆ ಸಿಕ್ಕಾಪಟ್ಟೆ ಆತುರ. ಮಗುವಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡವಳು. ಸಾಕಿ ಓದಿಸಿದ್ದು ತಂದೆಯ ಅಣ್ಣ, ಸರೀಹ್ ಊರಿನ ಹಾಜಿ ದಖ್ಲಲ್ಲಾ. ಹಾಜಿಯ ಎದೆ ಬೆಣ್ಣೆ, ಕೋಪ ಮಾತ್ರ ಮೂಗಿನ ತುದಿಯಲ್ಲಿ. ಅವರ ಸ್ವಂತ ಮಗಳ ಜಾಹಾದಲ್ಲಿ ಬಂದವರೊಬ್ಬರು ಮೈಮರೆತು ಕಾಫಿ ಹೀರಿಬಿಟ್ಟರು. ಹಾಜಿ ಎದ್ದು ನಿಂತು ‘ನೀವು ಬಂದದ್ದು ನಮಗೆ ಗೌರವ, ದಾರಿ ಸುಖವಾಗಿರಲಿ’ ಎಂದು ಇಡೀ ದಂಡನ್ನೇ ವಾಪಸು ಕಳಿಸಿದರು. ಕ್ಷಮೆ ಕೇಳಲಿಕ್ಕೆಂದೇ ಇನ್ನೊಂದು ದಂಡು ಬರಬೇಕಾಯಿತು.

ಅಂಥ ಹಾಜಿ ರನೀಮ್ ಮೆಚ್ಚಿದ ಹುಡುಗನನ್ನು ಒಪ್ಪಲು ಅವಳನ್ನು ಸತಾಯಿಸಿದ್ದು ಅಷ್ಟಿಷ್ಟಲ್ಲ. ಹುಡುಗ ಮುಹನ್ನದ್, ಅಜ್ಲೂನಿನವನು, ಔಷಧಿ ಅಂಗಡಿ ಇಟ್ಟುಕೊಂಡಿದ್ದಾನೆ. ‘ಗುಡ್ಡದಾಚೆ ಹೆಣ್ಣು ಕೊಡಲ್ಲ’ ಎಂದು ಹಾಜಿ ಹಟ ಹಿಡಿದಿದ್ದರು. ರನೀಮ್ ಜಗಳವಾಡಲಿಲ್ಲ, ಅಳಲಿಲ್ಲ, ಬೇರೆ ಯಾರನ್ನೂ ಒಪ್ಪಲೂ ಇಲ್ಲ. ಕೊನೆಗೆ ಈ ವಸಂತದಲ್ಲಿ ಹಾಜಿಯೇ ಕರಗಿ ‘ಬರಲಿ’ ಎಂದರು. ಆ ಜಾಹಾ ನಿಗದಿಯಾಗಿದ್ದೇ ಆ ಗುರುವಾರ, ಇಳಿಹೊತ್ತಿನ ಅಸರ್ ನಮಾಜಿನ ನಂತರ.

ಅಂಥ ದಿನ ಬೆಳಿಗ್ಗೆ ಈ ಹುಡುಗಿ ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಆಫೀಸಿಗೆ ಬಂದಳು! ತಲೆ ಬಾಚಿಸಿಕೊಳ್ಳಲು ಪಾರ್ಲರಿನಲ್ಲಿ ಕೂತಿರಬೇಕಾದವಳು, ನಮ್ಮನ್ನೆಲ್ಲ ಮೇಜಿನ ಸುತ್ತ ಕೂರಿಸಿದಳು.

“ಹೊಸ ಸಿಸ್ಟಂ ಬಂದು ವಾರ ಆಯ್ತು. ಮುಚ್ಚುಮರೆ ಬೇಡ, ಏನೇನ್ ಕಷ್ಟ ಆಗ್ತಿದೆ ಹೇಳಿಬಿಡಿ. ಬೈದ್ರೂ ಪರವಾಗಿಲ್ಲ,” ಎಂದಳು.

“ಜೇನು ಕಣಮ್ಮ, ಜೇನು!” ಎಂದರು ಉಸ್ತಾದ್ ಹಿಕ್ಮತ್. ಹೊಸ ಪರದೆಯ ತಿಳಿಬೂದಿ ಅಕ್ಷರ ಕಾಣದೆ ಅವರು ತಮ್ಮ ಲೇಖನವನ್ನು ಹೆಂಡತಿಯಿಂದ ಓದಿಸಿಕೊಳ್ಳುತ್ತಿದ್ದ ವಿಷಯ ನನಗೆ ಗೊತ್ತಿತ್ತು.

“ಕಣ್ಣಿಗೆ ತಂಪಾಗಿದೆ. ನಿನ್ ಕೈಗೆ ಒಳ್ಳೇದಾಗ್ಲಿ,” ಎಂದ ಕ್ರೀಡಾ ಪುಟದ ಹೈಸಮ್. ತನ್ನ ಫುಟ್‌ಬಾಲ್ ಸುದ್ದಿ ಎಲ್ಲಿ ಮಾಯವಾಯಿತು ಎಂದು ಅದೇ ಬೆಳಿಗ್ಗೆ ನನ್ನ ತಲೆ ತಿಂದಿದ್ದ ಮಹಾನುಭಾವ.

ರನೀಮ್ ನನ್ನ ಕಡೆ ತಿರುಗಿದಳು. ನನ್ನನ್ನು ಅವಳು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. “ಖಾಲಾ, ನೀವಾದ್ರೂ ಹೇಳಿ. ನಿಮ್ ಬಾಯಿಗೆ ಇಡೀ ಆಫೀಸು ಹೆದರುತ್ತೆ. ನಂಗೆ ಹೊಗಳಿಕೆ ಬೇಡ.”

ಹೇಳುವುದು ರಾಶಿ ಇತ್ತು. ‘ಉಳಿಸು’, ‘ಪ್ರಕಟಿಸು’ ಎರಡೂ ಬಟನ್ನುಗಳಿಗೆ ಒಂದೇ ಮಾಸಲು ಬಣ್ಣ. ಹಳೆಯದರಲ್ಲಿ ಬಲಗಡೆ ಇದ್ದ ‘ಉಳಿಸು’ ಎಡಕ್ಕೆ ಓಡಿದೆ, ‘ಪ್ರಕಟಿಸು’ ಬಲಕ್ಕೆ ಬಂದು ಕೂತಿದೆ. ಯಾವುದನ್ನು ಒತ್ತಿದರೂ ‘ಆಯಿತು’ ಎಂದು ಒಂದೇ ಥರದ ಟಿಕ್ ಬರುತ್ತದೆ. ಅವಳ ತಪ್ಪೂ ಅಲ್ಲ ಅನ್ನಿ. ಇಂಗ್ಲಿಷಿನವರ ಥರ ಎಡದಿಂದ ಬಲಕ್ಕೆ ಮೊದಲು ಬರೆದುಕೊಂಡು, ಆಮೇಲೆ ಬಲದಿಂದ ಎಡಕ್ಕೆ ಓಡುವ ನಮ್ಮ ಅರಬ್ಬಿಗೆಂದು ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ್ದಳು. ಆದರೆ ಜಾಹಾದ ದಿನ ಮದುಮಗಳ ಮುಖ ನೋಡಿಕೊಂಡು ಇದನ್ನೆಲ್ಲ ಯಾವ ಬಾಯಿಂದ ಹೇಳಲಿ?

“ಚಂದ ಇದೆ ಮಗಳೇ,” ಎಂದೆ.

ಅವಳ ಮುಖ ಸಪ್ಪಗಾಯಿತು. ಉಳಿದವರು ಎದ್ದು ಹೋದರು. ನಾನು ನನ್ನ ಜಾಗಕ್ಕೆ ಹೋಗಿ, ಅವಳ ಮನೆಯವರು ಕಳಿಸಿದ್ದ ಸುದ್ದಿಯನ್ನೇ ಫೋನಿನಲ್ಲಿ ತಿದ್ದುತ್ತಿದ್ದೆ. ಬೆನ್ನ ಹಿಂದೆ ಬಂದು ನಿಂತಳು.

“ಇದೇನ್ ಖಾಲಾ, ಸಿಸ್ಟಂ ಬಿಟ್ಟು ಫೋನಲ್ಲಿ ಬರ್ಕೋತಿದೀರ?”

“ಅಭ್ಯಾಸ ಕಣೇ.”

“ಸುಳ್ಳು. ಹೆದರ್ತಿದೀರ.”

“ಹೆದರೋದಾ? ನಾನಾ? ನನ್ ಗಂಡಂಗೇ ಹೆದರ್ಲಿಲ್ಲ, ನಿನ್ ಬಟನ್ನಿಗೆ ಹೆದರ್ತೀನಾ?”

“ಹಾಗಾದ್ರೆ ಸ್ವಲ್ಪ ಪಕ್ಕಕ್ಕೆ ಸರೀರಿ. ನನ್ನ ಜಾಹಾ ಸುದ್ದಿ ತಾನೇ? ನಾನೇ ಉಳಿಸಿ ತೋರಿಸ್ತೀನಿ. ಎಷ್ಟು ಸಲೀಸು ನೋಡಿ.”

ನನ್ನ ಕುರ್ಚಿಯ ತುದಿಯಲ್ಲಿ ಕೂತು ತನ್ನ ಲ್ಯಾಪ್‌ಟಾಪ್ ತೆರೆದು ಸುದ್ದಿಯನ್ನು ಪರದೆಗೆ ತಂದಳು. ಮಾತಾಡುತ್ತಲೇ, ನನ್ನ ಮುಖ ನೋಡುತ್ತಲೇ, ಟಕ್ ಎಂದು ಒತ್ತಿದಳು. ‘ಆಯಿತು’ ಎಂದು ಟಿಕ್ ಬಂತು.

“ಅಷ್ಟೇನಾ? ಖಚಿತವೇ ಅಂತ ಕೇಳೋದೇ ಇಲ್ವಾ?” ಎಂದೆ.

“ಅದನ್ನ ತೆಗೆದುಹಾಕಿದೆ ಖಾಲಾ. ಎಲ್ರೂ ಯಾವಾಗ್ಲೂ ಹೌದು ಅಂತಾನೇ ಒತ್ತೋದು. ಗೊತ್ತಿರೋದನ್ನ ಸುಮ್ನೆ ಯಾಕ್ ಕೇಳ್ಬೇಕು?” ಎಂದು ಲ್ಯಾಪ್‌ಟಾಪ್ ಮುಚ್ಚಿದಳು. ನನ್ನ ಕೆನ್ನೆಗೆ ಮುತ್ತಿಟ್ಟು ಪಾರ್ಲರಿಗೆ ಓಡಿದಳು.

ನಾನು ಮನೆಗೆ ಹೋಗಿ ಊಟ ಮಾಡಿ, ಕಸೂತಿಯ ಕಪ್ಪು ನಿಲುವಂಗಿ ತೊಟ್ಟುಕೊಂಡೆ. ಉಸ್ತಾದ್ ಹಿಕ್ಮತ್ ಮತ್ತು ಅವರ ಹೆಂಡತಿ ಕಾರು ತಂದರು. ಸರೀಹ್ ರಸ್ತೆ ಹಿಡಿದಿದ್ದೆವು. ಆಫೀಸಿನಿಂದ ಬಂದಾಗಿನಿಂದ ಚೀಲದಲ್ಲೇ ಬಿಟ್ಟಿದ್ದ ನನ್ನ ಫೋನು ಜೇನುಹುಳದ ಥರ ಗುಂಯ್‌ಗುಡುತ್ತಿರುವುದು ಆಗ ಕೇಳಿಸಿತು. ಝರ್ಕಾದಲ್ಲಿರುವ ನನ್ನ ತಂಗಿ ಕೂಗಿದಳು, “ಅಕ್ಕಾ, ನಿಮ್ ರನೀಮ್ ಜಾಹಾ ಮುಗೀತಂತೆ, ಮಬ್ರೂಕ್!”

“ಏನ್ ಮುಗಿಯೋದೇ? ಇನ್ನೂ ನಾವು ದಾರೀಲಿದೀವಿ!”

“ನಿನ್ನ ಪುಟದಲ್ಲೇ ಬಂದಿದ್ಯಲ್ಲೇ!”

ತೆರೆದು ನೋಡಿದೆ. ಮದುವೆಯ ಗುಲಾಬಿ ಅಂಚಿನೊಳಗೆ, ಇಷ್ಟು ದಪ್ಪ ಅಕ್ಷರದಲ್ಲಿ, ಗಂಡಿನ ದಂಡಿನ ಮುಖ್ಯಸ್ಥ ಫವ್ವಾಜ್ ಪಾಷಾ ಕೇಳಿದ್ದೂ ಆಗಿದೆ, ಹಾಜಿ ದಖ್ಲಲ್ಲಾ ಕೊಟ್ಟಿದ್ದೂ ಆಗಿದೆ, ಎಲ್ಲರೂ ಕಾಫಿ ಕುಡಿದೂ ಆಗಿದೆ.

ಉಸ್ತಾದ್ ಹಿಕ್ಮತ್ ಕಲ್ಲಂಗಡಿ ರಾಶಿಯ ಪಕ್ಕ ಗಕ್ಕನೆ ಕಾರು ನಿಲ್ಲಿಸಿದರು. “ತೆಗೀರಿ! ಬೇಗ ತೆಗೀರಿ ಅದನ್ನ!”

“ಎಲ್ಲಿಂದ ತೆಗೀಲಿ? ‘ತೆಗೆ’ ಅನ್ನೋದು ಎಲ್ಲಿದೆ?”

“ನಂಗೇನ್ ಗೊತ್ತು? ನಂಗೆ ಅಕ್ಷರಾನೇ ಕಾಣ್ಸಲ್ಲ!”

“ಬೆಳಿಗ್ಗೆ ಜೇನಾಗಿತ್ತಲ್ಲ ಉಸ್ತಾದ್! ನೆಕ್ಕಿ ಈಗ!”

ಅವರ ಹೆಂಡತಿ ನನ್ನ ಕೈಯಿಂದ ಫೋನು ಕಿತ್ತುಕೊಂಡು, ಮೂಲೆಯಲ್ಲಿ ಇರುವೆಗಳ ಹಾಗೆ ಕೂತಿದ್ದ ಚುಕ್ಕಿಗಳ ಹಿಂದೆ ‘ತೆಗೆ’ ಬಟನ್ ಹುಡುಕಿ ಸುದ್ದಿಯನ್ನು ತೆಗೆದರು. ತೆಗೆದು ಏನು ಬಂತು? ಅಷ್ಟರಲ್ಲಿ ಅದು ಸ್ಕ್ರೀನ್‌ಶಾಟ್ ಆಗಿ ಸರೀಹಿನ ಎಲ್ಲ ಕುಟುಂಬಗಳ ವಾಟ್ಸಾಪ್ ಗ್ರೂಪುಗಳನ್ನೂ ಸುತ್ತಿ ಮುಗಿಸಿತ್ತು.

ರನೀಮ್‌ಗೆ ಫೋನ್ ಮಾಡಿದೆ. ಅವಳ ದನಿ ಆಗಲೇ ಒಡೆದಿತ್ತು. “ಖಾಲಾ, ನಾನೇ ಒತ್ತಿದ್ದು. ನನ್ ಲ್ಯಾಪ್‌ಟಾಪಲ್ಲಿ ಡಿಸೈನ್ ಮಾಡೋವಾಗ ‘ಉಳಿಸು’ ಬಲಗಡೆನೇ ಇತ್ತು. ಕೈ ತಾನಾಗೇ ಅಲ್ಲಿಗೋಯ್ತು. ದೊಡ್ಡಪ್ಪ ಫೋನ್ ಹಿಡ್ಕೊಂಡು ಅಂಗಳದಲ್ಲಿ ಕೂತಿದಾರೆ. ಒಂದ್ ಮಾತೂ ಆಡ್ತಿಲ್ಲ.”

ಹಾಜಿ ಬೈದರೆ ಹೆದರಬೇಕಿಲ್ಲ, ಸುಮ್ಮನಾದರೆ ಹೆದರಬೇಕು. ಅದಕ್ಕಿಂತ ದೊಡ್ಡ ಗಂಡಾಂತರ ಬೇರೆ ಇತ್ತು. ಒತ್ತಿದವಳು ಮದುಮಗಳೇ ಎಂದು ಹೊರಬಿದ್ದರೆ ಸರೀಹಿನ ಹೆಂಗಸರು ಸುಮ್ಮನಿರುತ್ತಾರೆಯೇ? ಹುಡುಗಿಗೆ ಗಂಡನ ಮನೆಯ ಆತುರ, ದೊಡ್ಡಪ್ಪ ಹೂಂ ಅನ್ನುವ ತನಕವೂ ತಡೆದುಕೊಳ್ಳಲಿಲ್ಲ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಹಾಜಿ ಈ ದಂಡನ್ನೂ ವಾಪಸು ಕಳಿಸುವುದು ಖಂಡಿತ. ಇನ್ನೊಂದು ಸಲ ಅವರು ಕರಗುವ ಹೊತ್ತಿಗೆ ಮುಹನ್ನದನ ಕೂದಲು ನರೆತಿರುತ್ತದೆ.

“ಕಣ್ಣೊರೆಸ್ಕೋ. ಯಾರ ಹತ್ರಾನೂ ಬಾಯಿ ಬಿಡ್ಬೇಡ. ನಾನ್ ನೋಡ್ಕೋತೀನಿ,” ಎಂದೆ. ಏನು ನೋಡಿಕೊಳ್ಳುವುದು ಎಂದು ನನಗೇ ತಿಳಿದಿರಲಿಲ್ಲ.

ನಾವು ಹೋಗುವಷ್ಟರಲ್ಲಿ ಅಂಗಳದ ಚಪ್ಪರದಡಿ ಗಂಡಸರು ತುಂಬಿದ್ದರು. ಉಸ್ತಾದ್ ಹಿಕ್ಮತ್ ಹೋಗಿ ಕೊನೆಯ ಸಾಲಿನ ಕುರ್ಚಿಯಲ್ಲಿ ಮುದುಡಿಕೊಂಡರು. ನಾನು ಹೆಂಗಸರ ಕೋಣೆಗೆ ಹೋದೆ. ಅಂಗಳದ ಕಡೆಗೆ ಅದಕ್ಕೊಂದು ದೊಡ್ಡ ಕಿಟಕಿ, ಪಕ್ಕದಲ್ಲೇ ಬಾಗಿಲು. ರನೀಮ್ ನೀಲಿ ಉಡುಪಿನಲ್ಲಿ ಮೂಲೆಯಲ್ಲಿ ಕೂತಿದ್ದಳು. ಬಳಿದ ಬಣ್ಣದ ಕೆಳಗೆ ಮುಖ ಸುಣ್ಣದ ಗೋಡೆಯಾಗಿತ್ತು.

ಕಾಫಿ ತಂದು ಫವ್ವಾಜ್ ಪಾಷಾರ ಮುಂದೆ ಇಟ್ಟರು. ಪಾಷಾ ನಿವೃತ್ತ ಸೇನಾಧಿಕಾರಿ. ಆ ಸೆಕೆಯಲ್ಲೂ ಕೋಟಿನ ಗುಂಡಿ ಬಿಚ್ಚದ ಮನುಷ್ಯ. ಎದ್ದು ನಿಂತು ದೇವರ ಸ್ತುತಿ ಮಾಡಿದರು, ಎರಡೂ ವಂಶಗಳನ್ನು ಹೊಗಳಿದರು, ಮುಹನ್ನದ್‌ಗೆ ರನೀಮ್‌ಳನ್ನು ಕೇಳಿದರು. ಎಲ್ಲರ ಕಣ್ಣೂ ಹಾಜಿಯ ಮೇಲೆ ನೆಟ್ಟಿತು.

ಹಾಜಿ ನಿಧಾನವಾಗಿ ಕನ್ನಡಕ ತೆಗೆದು ಮೂಗಿಗೇರಿಸಿದರು. ಇನ್ನೊಂದು ಜೇಬಿನಿಂದ ಫೋನು ತೆಗೆದರು.

“ಪಾಷಾ, ನಿಮ್ ಬಾಯಿಗೆ ಸಕ್ಕರೆ. ಆದ್ರೆ ನಂಗೊಂದು ಅನುಮಾನ. ಇಲ್ ನೋಡಿ ಏನ್ ಬರೆದಿದಾರೆ. ‘ಹಾಜಿ ದಖ್ಲಲ್ಲಾ ಅವರು ಅಪಾರ ಹರ್ಷದಿಂದ ಒಪ್ಪಿಗೆ ನೀಡಿದರು. ಬಳಿಕ ಎಲ್ಲರೂ ಕಾಫಿ ಸೇವಿಸಿದರು.’ ಇದು ಬಂದಿರೋದು ಮಧ್ಯಾಹ್ನದ ಅಝಾನ್‌ಗೂ ಮುಂಚೆ. ನಾನಾಗ ಬನೀನ್ ಹಾಕ್ಕೊಂಡು ಅಂಜೂರದ ಗಿಡಕ್ಕೆ ನೀರು ಬಿಡ್ತಿದ್ದೆ. ಅಪಾರ ಹರ್ಷ ಯಾವಾಗ ಪಟ್ಟೆ ಅಂತ ನಂಗೇ ಗೊತ್ತಾಗ್ಲಿಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು ತಕ್ಷಣ ಕೆಮ್ಮಿದರು.

“ನೀವು ಕಾಫಿ ಕುಡಿದಾಗಿದ್ಯಂತೆ ಪಾಷಾ. ಹಾಗಾದ್ರೆ ಈ ಬಟ್ಟಲು ಇನ್ನೂ ಯಾಕ್ ತುಂಬಿದೆ?”

ಪಾಷಾ ಕರವಸ್ತ್ರಕ್ಕೆ ಕೈ ಹಾಕಿದರು. ಯುದ್ಧ ನೋಡಿದ ಮನುಷ್ಯ, ಬಟ್ಟಲು ನೋಡಿ ಬೆವರಿದರು. ಸಾಲಿನ ತುದಿಯಲ್ಲಿ ಕೂತಿದ್ದ ಮುಹನ್ನದ್ ಎರಡೂ ಕೈಗಳಿಂದ ಮೊಣಕಾಲು ಹಿಡಿದುಕೊಂಡ.

“ನನ್ ಬಾಯಿಂದ ಮಾತಾಡ್ದೋರು ಯಾರು? ಅಷ್ಟು ತಿಳೀಲಿ. ಕಾಫಿ ವಿಚಾರ ಆಮೇಲೆ,” ಎಂದರು ಹಾಜಿ.

ಉಸ್ತಾದ್ ಹಿಕ್ಮತ್ ತಮ್ಮ ಬೂಟುಗಳನ್ನು ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಬಾಗಿಲು ತಳ್ಳಿಕೊಂಡು ಹೊರಗೆ ಹೋಗಿ ನಿಂತೆ.

“ನಾನೇ, ಹಾಜಿ. ನನ್ ಕೈ ತಪ್ಪಿ ಆಗಿದ್ದು. ಬೈಯೋದಿದ್ರೆ ನಂಗ್ ಬೈಯಿರಿ. ಆ ಮಕ್ಕಳು ಏನೂ ಮಾಡಿಲ್ಲ.”

ಹಾಜಿ ಕನ್ನಡಕದ ಮೇಲಿನಿಂದ ನನ್ನನ್ನು ದಿಟ್ಟಿಸಿದರು. “ನೀನಾ, ಉಮ್ಮು ಕುತೈಬಾ? ನನ್ ಮಗಳ ಜಾಹಾದಲ್ಲಿ ‘ಕುಡಿದ್ರಾ ಹಾಜಿ, ನಿಜವಾಗ್ಲೂ ಕುಡಿದ್ರಾ’ ಅಂತ ನನ್ನ ಹತ್ರಾನೇ ಕೇಳಿ ಕೇಳಿ ಪ್ರಾಣ ತಿಂದೋಳು ನೀನು. ನೀನು ಒತ್ತೋ ಪೈಕಿ ಅಲ್ಲ. ಯಾರನ್ನ ಕಾಪಾಡೋಕೆ ಬಂದಿದೀಯ?”

ಇಡೀ ಇರ್ಬಿದ್ ಹೆದರುವ ನನ್ನ ಬಾಯಿ ‘ಸಿಸ್ಟಂ ಹೊಸದು ಹಾಜಿ’ ಎಂದು ತೊದಲಿತು. ಅದಕ್ಕಿಂತ ಒಳ್ಳೆಯ ಸುಳ್ಳು ಹೊಳೆಯಲಿಲ್ಲ.

ಹಿಂದಿನಿಂದ ಬಟ್ಟೆಯ ಸರಸರ ಸದ್ದು ಕೇಳಿತು. ತಿರುಗಿದರೆ ರನೀಮ್. ಜಾಹಾ ನಡೆಯುವಾಗ ಮದುಮಗಳು ಗಂಡಸರ ನಡುವೆ ಬಂದು ನಿಲ್ಲುವುದು ನಾನಂತೂ ಕಂಡಿರಲಿಲ್ಲ, ಕೇಳಿರಲೂ ಇಲ್ಲ. ಅವಳ ತಾಯಿ ಕಿಟಕಿಯಿಂದ “ಒಳಗ್ ಬಾರೇ!” ಎಂದು ಕೂಗಿದರು.

“ದೊಡ್ಡಪ್ಪ, ಖಾಲಾ ಅಲ್ಲ. ಒತ್ತಿದ್ದು ನಾನು.”

ಅಂಗಳದಲ್ಲಿ ಗುಸುಗುಸು ಎದ್ದಿತು. ಹಾಜಿ ಕೈ ಎತ್ತಿದರು.

“ಬೇಕಂತ ಒತ್ತಿದ್ಯಾ?”

“ಇಲ್ಲ ದೊಡ್ಡಪ್ಪ. ಉಳಿಸಕ್ಕೆ ಹೋದೆ, ಪ್ರಕಟ ಆಗೋಯ್ತು. ಆ ಸಿಸ್ಟಂ ಹೊಸದಾಗಿ ಮಾಡಿದ್ದೇ ನಾನು. ಹಳೇದು ಪ್ರತಿ ಸಲಾನೂ ‘ನಿಮಗೆ ಖಚಿತವೇ’ ಅಂತ ಕೇಳ್ತಿತ್ತು. ನಾನು ಅದನ್ನ ತೆಗೆದುಹಾಕಿದ್ದೆ.”

“ಯಾಕ್ ತೆಗೆದೆ?”

“ಎಲ್ರೂ ಯಾವಾಗ್ಲೂ ಹೌದು ಅಂತಾನೇ ಹೇಳ್ತಾರೆ. ಗೊತ್ತಿರೋದನ್ನ ಕೇಳಿ ಯಾಕೆ ಹೊತ್ತು ಕಳೀಬೇಕು ಅಂತ.”

ಹಾಜಿ ಚಪ್ಪರದಡಿ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಹೋದರು. ಪಾಷಾರ ಕೋಟು ನೋಡಿದರು, ಅಜ್ಲೂನಿನ ಮುದುಕರ ಧೂಳು ಹಿಡಿದ ಚಪ್ಪಲಿ ನೋಡಿದರು. ಅವರ ಮೀಸೆಯ ತುದಿ ಅದುರಿದ ಹಾಗಾಯಿತು. ಕೋಪವೋ ಇನ್ನೇನೋ ನನಗೆ ತಿಳಿಯಲಿಲ್ಲ.

“ಇಲ್ ಕೇಳಮ್ಮ. ಇವರೆಲ್ಲ ಗುಡ್ಡ ಹತ್ತಿ ಇಳಿದು ಬಂದಿದಾರೆ. ಪಾಷಾ ನೋಡು, ಆ ಕೋಟಲ್ಲಿ ಬೆಂದ್ ಹೋಗ್ತಿದಾರೆ. ನಾನು ಹೌದು ಅಂತೀನಿ ಅನ್ನೋದು ಇವರಿಗೆ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು.”

“ನಿಂಗೆ?”

“ಗೊತ್ತಿತ್ತು ದೊಡ್ಡಪ್ಪ.”

“ನಂಗೂ ಗೊತ್ತಿತ್ತು. ಮತ್ತೆ ಇಷ್ಟು ಜನ ಯಾಕ್ ಬಂದ್ರು?”

ರನೀಮ್ ತಲೆ ತಗ್ಗಿಸಿದಳು. “ಕೇಳೋಕೆ.”

“ಹ್ಞಾ, ಕೇಳೋಕೆ!” ಎಂದರು ಹಾಜಿ. ಈಗ ಅವರ ದನಿ ಬೇರೆಯಾಗಿತ್ತು. “ನಿಮ್ಮಪ್ಪ ತೀರ್ಕೊಂಡ ದಿನದಿಂದ ನಿನ್ನನ್ನ ಹೆಗಲ ಮೇಲೆ ಹೊತ್ತಿದೀನಿ ಮಗಳೇ. ಈ ಒಂದ್ ದಿನ ನನ್ನನ್ನ ಕೇಳ್ಲಿ ಅಂತ ಆಸೆ ಇರ್ಬಾರ್ದಾ? ನಾನು ಹೌದು ಅನ್ನೋದು ನನ್ ಬಾಯಿಂದ್ಲೇ ಬರ್ಲಿ. ಅದನ್ನೂ ಯಾವ್ದೋ ಬಟನ್ ಹೇಳ್ಬಿಟ್ರೆ ಹೆಂಗೆ?”

ರನೀಮ್ ಹೋಗಿ ಅವರ ಕೈಗೆ ಮುತ್ತಿಟ್ಟು ಹಣೆಗೆ ಒತ್ತಿಕೊಂಡಳು. “ತಪ್ಪಾಯ್ತು ದೊಡ್ಡಪ್ಪ. ಆ ಪ್ರಶ್ನೇನ ವಾಪಸ್ ಹಾಕ್ತೀನಿ.”

“ಹಾಕು. ದಪ್ಪ ಅಕ್ಷರದಲ್ಲಿ ಹಾಕು. ಈಗ ಒಳಗ್ ಹೋಗು, ಬಿಸಿಲಿಗೆ ನಿನ್ ಮುಖದ ಬಣ್ಣ ಇಳೀತಿದೆ.” ಆಮೇಲೆ ಪಾಷಾರ ಕಡೆ ತಿರುಗಿದರು. “ಪಾಷಾ, ದೊಡ್ಡ ಮನಸ್ಸು ಮಾಡಿ. ಇನ್ನೊಂದ್ ಸಲ ಕೇಳಿ.”

ಪಾಷಾ ದಡಬಡ ಎದ್ದರು. ಸ್ತುತಿ, ವಂಶಾವಳಿ ಎಲ್ಲ ಮರೆತುಹೋಗಿತ್ತು, ಪಾಪ. “ಹಾಜಿ, ನಿಮ್ ಮಗಳನ್ನ ನಮ್ ಹುಡುಗನಿಗೆ ಕೊಡ್ತೀರಾ?” ಎಂದರು ಅಷ್ಟೇ. ಅದಕ್ಕಿಂತ ಚೆನ್ನಾಗಿ ಕೇಳಿದ ಜಾಹಾ ನಾನು ಬರೆದಿಲ್ಲ.

ಹಾಜಿ ಗಡ್ಡ ನೀವಿಕೊಂಡರು. ಒಮ್ಮೆ ಆಕಾಶ ನೋಡಿದರು, ಒಮ್ಮೆ ಅಂಜೂರದ ಗಿಡ ನೋಡಿದರು. ಮುದುಕ ಸವಿಯುತ್ತಿದ್ದಾನೆ, ಬೇಕಂತಲೇ ಸತಾಯಿಸುತ್ತಿದ್ದಾನೆ ಎಂದು ನನಗೆ ಆಗ ಗೊತ್ತಾಯಿತು. ಹೋದ ಜೀವ ಬಂದಂತಾಯಿತು.

“ಕೊಟ್ವಿ. ಕಾಫಿ ಕುಡೀರಿ ಪಾಷಾ, ಆರಿಹೋಗ್ತಿದೆ.”

ಪಾಷಾ ಒಂದೇ ಗುಟುಕಿಗೆ ಬಟ್ಟಲು ಖಾಲಿ ಮಾಡಿದರು. ಹೆಂಗಸರ ಕೋಣೆಯಿಂದ ಹರ್ಷದ ಕೂಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಾಲಿಗೆ ಹೊರಳಿಸಿ ಕೂಗಿದವಳು ನಾನೇ. ಗಂಟಲು ಹರಿದುಹೋದರೂ ಚಿಂತೆಯಿಲ್ಲ ಎನ್ನುವಷ್ಟು ಹಗುರಾಗಿದ್ದೆ. ಸರೀಹಿನ ಹೆಂಗಸರು ಆತುರದ ಹುಡುಗಿ ಎನ್ನುವ ಮಾತೇ ಎತ್ತಲಿಲ್ಲ. ‘ದೊಡ್ಡಪ್ಪನ ಮುಂದೆ ನಿಂತು ನಿಜ ಹೇಳಿದ್ಲಲ್ಲ, ಎಂಥ ಎದೆಗಾರ್ತಿ’ ಎಂದು ಅವಳ ತಾಯಿಯನ್ನು ಅಪ್ಪಿಕೊಂಡರು.

ಕುನಾಫಾ ತಟ್ಟೆಗಳು ಬಂದವು. ಬಿಸಿ ಚೀಸು, ಸಕ್ಕರೆ ಪಾಕ. ಈಗ ಎಲ್ಲರೂ ಮನೆಯವರೇ ಆದ ಮೇಲೆ ಒಳಗೂ ಹೊರಗೂ ಓಡಾಟ. ಹಾಜಿ ತಟ್ಟೆ ಹಿಡಿದುಕೊಂಡು ಬಂದು ಉಸ್ತಾದ್ ಹಿಕ್ಮತರ ಪಕ್ಕದಲ್ಲೇ ಕೂತರು.

“ಉಸ್ತಾದ್, ನಮ್ ಹುಡುಗಿ ಮಾಡಿರೋ ಕೆಲ್ಸ ಹೇಗಿದೆ?”

“ಜೇ...” ಎಂದರು ಹಿಕ್ಮತ್. ಹಾಜಿಯ ಹುಬ್ಬು ಮೇಲಕ್ಕೆ ಹೋಯಿತು. ಉಸ್ತಾದ್ ಬಾಯಲ್ಲಿದ್ದ ಕುನಾಫಾ ನುಂಗಿಕೊಂಡರು. “ಅಕ್ಷರ ಕಾಣ್ಸಲ್ಲ ಹಾಜಿ. ಒಂದೂ ಕಾಣ್ಸಲ್ಲ.”

ಅಷ್ಟೇ ಸಾಕಾಯಿತು, ಕಟ್ಟೆ ಒಡೆಯಿತು. ಹೈಸಮ್ ಎಲ್ಲಿದ್ದನೋ ಓಡಿ ಬಂದ. “ನನ್ ಫೋಟೋ ಎಲ್ಲಾ ಉಲ್ಟಾ ಏರುತ್ತೆ ರನೀಮ್, ಗೋಲ್‌ಕೀಪರ್ ತಲೆಕೆಳಗಾಗಿ ನೇತಾಡ್ತಾನೆ!” ಎಂದ. ತೆಗೆಯುವ ಬಟನ್ನನ್ನು ಚುಕ್ಕಿಗಳ ಹಿಂದೆ ಬಚ್ಚಿಟ್ಟಿದ್ದೇಕೆ ಎಂದು ಉಸ್ತಾದರ ಹೆಂಡತಿ ಕೇಳಿದರು. ಆಕೆ ನಮ್ಮ ಆಫೀಸಿನವರೂ ಅಲ್ಲ! ನಾನು ಬಿಡುತ್ತೇನೆಯೇ? ಬಣ್ಣ, ಎಡ-ಬಲ, ಒಂದೇ ಥರದ ಟಿಕ್, ವಾರವಿಡೀ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಕಾರಿಕೊಂಡೆ.

ರನೀಮ್ ಒಂದು ಕೈಯಲ್ಲಿ ತಟ್ಟೆ, ಒಂದು ಕೈಯಲ್ಲಿ ಫೋನು ಹಿಡಿದು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಬೈಗುಳ ಕೇಳಿ ಮುಖ ಅಷ್ಟು ಅರಳಿದ ಮದುಮಗಳನ್ನು ನಾನು ನೋಡಿಲ್ಲ.

“ಅಲ್ಲ, ಬೆಳಿಗ್ಗೆ ಕೈಮುಗಿದು ಕೇಳ್ದೆನಲ್ಲ, ಆಗ ಯಾಕ್ ಹೇಳ್ಲಿಲ್ಲ?”

“ಜಾಹಾ ದಿನ ನಿನ್ ಮನಸ್ಸು ನೋಯ್ಬಾರ್ದು ಅಂತ ಕಣೇ,” ಎಂದೆ.

“ನನ್ ಮನಸ್ಸಾ! ನನ್ ಮದ್ವೇನೇ ಮುರಿದು ಬೀಳ್ತಿತ್ತಲ್ಲ ಖಾಲಾ!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮುಹನ್ನದ್ ಮಾತ್ರ ನಗುತ್ತಲೇ ಕಣ್ಣೊರೆಸಿಕೊಂಡ. ಒಳ್ಳೆಯ ಹುಡುಗ.

ಹೊರಡುವ ಹೊತ್ತಿಗೆ ಹಾಜಿ ನನ್ನನ್ನು ಕರೆದರು. “ಉಮ್ಮು ಕುತೈಬಾ, ಈಗ ಹಾಕು ಸುದ್ದಿ. ಅಪಾರ ಹರ್ಷ ಅನ್ನೋದು ಇರ್ಲಿ. ಈಗ ಪಟ್ಟಿದೀನಿ.”

ನಾನು ಮೆಟ್ಟಿಲ ಮೇಲೆ ಕೂತೆ. ರನೀಮ್ ಲ್ಯಾಪ್‌ಟಾಪ್ ತಂದು ನನ್ನ ತೊಡೆಯ ಮೇಲಿಟ್ಟು ಪಕ್ಕದಲ್ಲೇ ಕೂತಳು. ಸುದ್ದಿಯನ್ನು ಮೊದಲಿಂದ ಓದಿದೆ. ಬಲಗಡೆಯ ಬಟನ್ ಮೇಲೆ ಬೆರಳಿಟ್ಟೆ. ಇದು ಕೇಳುವುದಿಲ್ಲ, ಒತ್ತಿದರೆ ಆಯಿತು. ಕೈ ತಡೆಯಿತು. ಪಾಷಾ ಹಾಜಿಯನ್ನು ಎರಡೆರಡು ಸಲ ಕೇಳಿದ್ದರು. ನಾನು ಅವಳ ಕಡೆ ತಿರುಗಿದೆ.

“ಮಗಳೇ, ನಿಂಗೆ ಖಚಿತಾನಾ?”

ತಮಾಷೆ ಎಂದುಕೊಂಡು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಅಂಗಳದಾಚೆ ಹಾಜಿಗೆ ಚಪ್ಪಲಿ ಹುಡುಕಿಕೊಡುತ್ತಿದ್ದ ಮುಹನ್ನದನನ್ನು ಸ್ವಲ್ಪ ಹೊತ್ತು ನೋಡಿದಳು.

“ಹೂಂ ಖಾಲಾ, ಖಚಿತ,” ಎಂದು ನನ್ನ ಹೆಗಲಿಗೆ ತಲೆ ಆನಿಸಿದಳು. “ಇವತ್ತಿಡೀ ನನ್ನನ್ನ ಕೇಳಿದ್ದು ನೀವೊಬ್ರೇ.”

ಅವಳ ತಲೆ ಸವರಿದೆ. ಯಾವ ಬಟನ್ ಎಂದು ಇನ್ನೊಮ್ಮೆ ನೋಡಿಕೊಂಡು ಒತ್ತಿದೆ.